ಮುಖಗವಸಿನ ವಿವಾದವೂ ಅಪ್ರಮಾದದ ಪ್ರಶ್ನೆಯೂ

ಮೂಗು ಬಾಯಿ ಮುಚ್ಚುವ ಗೇಣಗಲದ ಬಟ್ಟೆಯೊಂದರ ವಿಷಯವಾಗಿ ಒಂದು ದೇಶವೇ ಎರಡು ಪಕ್ಷವಾಗಿ ವಾದಿಸಬಹುದೆಂದು 2020ಕ್ಕೆ ಮೊದಲು ಯಾರಾದರೂ ಹೇಳಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು. ಆ ವರ್ಷ ಅಮೆರಿಕದಲ್ಲಿ ನಡೆದದ್ದು ಅದೇ. ಕೋವಿಡ್ ವ್ಯಾಧಿಯ ಕಾರಣದಿಂದ ಮಾರ್ಚ್ ತಿಂಗಳಲ್ಲಿ ಮುಚ್ಚಿದ್ದ ಅಲ್ಲಿನ ಥೀಮ್ ಪಾರ್ಕುಗಳೂ ಅವುಗಳಿಗೆ ಹೊಂದಿಕೊಂಡ ಅಂಗಡಿ ಬೀದಿಗಳೂ ಮೇ ತಿಂಗಳಿಂದ ಒಂದೊಂದಾಗಿ ಬಾಗಿಲು ತೆರೆಯತೊಡಗಿದಾಗ, ಒಳಗೆ ಬರುವವರು ಮುಖಗವಸು ಧರಿಸಲೇಬೇಕೆ ಎಂಬ ಪ್ರಶ್ನೆ ಎದ್ದಿತು. ಮನೆಗಳಲ್ಲಿ, ಪತ್ರಿಕೆಗಳಲ್ಲಿ, ಆಡಳಿತ ಸಭೆಗಳಲ್ಲಿ, ಕೊನೆಗೆ ಅಂಗಡಿಗಳ ಹೊಸ್ತಿಲಲ್ಲಿ ಅದರ ಚರ್ಚೆ ನಡೆಯಿತು.

ಆ ವಾದದ ಕಾವು ಈಗ ಆರಿದೆ. ನಿಯಮಗಳು ರದ್ದಾಗಿ ವರ್ಷಗಳು ಕಳೆದಿವೆ. ಕಾವು ಆರಿದ ಮೇಲೆ ಮಾಡುವ ಪರಿಶೀಲನೆಗೆ ಒಂದು ಪ್ರಯೋಜನವುಂಟು. ಅಲ್ಲಿ ಪಕ್ಷ ವಹಿಸುವ ಅವಸರವಿರುವುದಿಲ್ಲ. ತನ್ನ ಉಸಿರು ಇನ್ನೊಂದು ಜೀವಕ್ಕೆ ಪೀಡೆಯಾಗಬಹುದೆಂದು ತಿಳಿದ ಮನುಷ್ಯನು ಹೇಗೆ ನಡೆದುಕೊಳ್ಳಬೇಕು ಎಂಬುದೇ ಈ ವಿವಾದದ ಒಳತಿರುಳು. ಇದು ಶ್ರಾವಕ ಸಮಾಜಕ್ಕೆ ಹೊಸ ಪ್ರಶ್ನೆಯಲ್ಲ. ಆದ್ದರಿಂದ ಇದನ್ನು ದೂರದ ದೇಶದ ಜಗಳವೆಂದು ಬದಿಗಿಡದೆ ಅಹಿಂಸಾಣುವ್ರತದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ನಿಯಮದ ಸ್ವರೂಪ

ಮೊದಲಿಗೆ ಸಂಗತಿಗಳನ್ನು ಕ್ರಮವಾಗಿ ನೋಡಬೇಕು. ಡಿಸ್ನಿ ಸಂಸ್ಥೆಯು ಚೀನಾದ ಶಾಂಘೈ ನಗರದಲ್ಲಿರುವ ತನ್ನ ಉದ್ಯಾನವನ್ನು 2020ರ ಮೇ 11ರಂದು ಪುನಃ ತೆರೆಯಿತು. ಊಟ ಮಾಡುವಾಗ ಹೊರತು ಉಳಿದೆಲ್ಲ ಕಾಲದಲ್ಲಿ ಅಲ್ಲಿ ಮುಖಗವಸು ಕಡ್ಡಾಯವಾಗಿತ್ತು. ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲಾಂಡೊ ಪ್ರದೇಶದಲ್ಲಿ ಮೊದಲು ತೆರೆದವು ಅಂಗಡಿ ಬೀದಿಗಳು. ಯೂನಿವರ್ಸಲ್ ಸಂಸ್ಥೆಯ ಸಿಟಿವಾಕ್ ಮೇ 14ರಂದೂ, ಡಿಸ್ನಿ ಸ್ಪ್ರಿಂಗ್ಸ್ ಎಂಬ ವ್ಯಾಪಾರ ಕೇಂದ್ರವು ಮೇ 20ರಂದೂ ಗಿರಾಕಿಗಳನ್ನು ಬರಮಾಡಿಕೊಂಡವು. ಯೂನಿವರ್ಸಲ್‌ನ ಉದ್ಯಾನಗಳು ಜೂನ್ 5ರಂದು ತೆರೆದವು. ಡಿಸ್ನಿಯ ನಾಲ್ಕು ದೊಡ್ಡ ಉದ್ಯಾನಗಳಲ್ಲಿ ಎರಡು ಜುಲೈ 11ರಂದೂ ಇನ್ನೆರಡು ಜುಲೈ 15ರಂದೂ ತೆರೆದವು. ಆದರೆ ಅದೇ ಸಂಸ್ಥೆಯ ಕ್ಯಾಲಿಫೋರ್ನಿಯಾದ ಉದ್ಯಾನವು ಆ ರಾಜ್ಯದ ನಿರ್ಬಂಧಗಳ ಕಾರಣದಿಂದ 2021ರ ಏಪ್ರಿಲ್ 30ರವರೆಗೆ ತೆರೆಯಲಿಲ್ಲ. ಒಂದೇ ಸಂಸ್ಥೆ, ಒಂದೇ ವ್ಯಾಧಿ. ಎರಡು ರಾಜ್ಯಗಳಲ್ಲಿ ಎರಡು ನಿರ್ಣಯ.

ಫ್ಲಾರಿಡಾದ ಡಿಸ್ನಿ ಉದ್ಯಾನಗಳಲ್ಲಿ ಎರಡು ವರ್ಷ ತುಂಬಿದ ಮಗುವಿನಿಂದ ಮುದುಕರವರೆಗೆ ಎಲ್ಲರೂ ಮುಖಗವಸು ಧರಿಸಬೇಕಾಗಿತ್ತು. ಪ್ರವೇಶದ್ವಾರದಲ್ಲಿ ಮೈಯ ಉಷ್ಣತೆಯನ್ನು ಅಳೆಯುತ್ತಿದ್ದರು. ಒಳಗೆ ಬರುವವರ ಸಂಖ್ಯೆಗೆ ಮಿತಿಯಿತ್ತು. ಗವಸನ್ನು ತೆಗೆದು ಸುಧಾರಿಸಿಕೊಳ್ಳಲು ಪ್ರತ್ಯೇಕ ಸ್ಥಳಗಳಿದ್ದವು. ಆಟದ ಬಂಡಿಗಳಲ್ಲಿ ಕೂತವರ ಭಾವಚಿತ್ರ ತೆಗೆದು ಮಾರುವುದು ಅಲ್ಲಿಯ ರೂಢಿ. ನಡುವೆ ಗವಸು ಕಳಚಿದವರಿಗೆ ಆ ಚಿತ್ರವನ್ನು ಕೊಡುವುದಿಲ್ಲವೆಂದು ಸಂಸ್ಥೆ ನಿಶ್ಚಯಿಸಿತು. ಇದು ಹೊರನೋಟಕ್ಕೆ ಸಣ್ಣ ವಿಷಯ. ಆದರೆ ಮನುಷ್ಯನ ಸ್ವಭಾವವನ್ನು ಬಲ್ಲ ವ್ಯಾಪಾರಿ ಮಾತ್ರ ಇಂತಹ ಉಪಾಯವನ್ನು ಹೂಡಬಲ್ಲ. ರೋಗಭಯಕ್ಕೆ ಬಗ್ಗದವನು ಚಿತ್ರದ ಆಸೆಗೆ ಬಗ್ಗುತ್ತಾನೆಂಬುದು ಅವರ ಎಣಿಕೆ.

ವಾದಿಗಳ ಮೂರು ಪಕ್ಷ

ಈ ನಿಯಮದ ಬಗ್ಗೆ ಹುಟ್ಟಿದ ವಾದಗಳನ್ನು ಸಂಕ್ಷೇಪಿಸಿದರೆ ಮೂರು ಪಕ್ಷಗಳು ಕಾಣುತ್ತವೆ. ಮೊದಲನೆಯದು ಸ್ವಾತಂತ್ರ್ಯ ಪಕ್ಷ. ತನ್ನ ಮುಖದ ಮೇಲೆ ಏನಿರಬೇಕೆಂಬುದನ್ನು ತಾನೇ ನಿರ್ಣಯಿಸಬೇಕು, ಹಣ ತೆತ್ತು ಸಂತೋಷಪಡಲು ಬಂದವನಿಗೆ ಬಿಸಿಲಿನಲ್ಲಿ ಉಸಿರು ಬಿಗಿಹಿಡಿಯುವ ಶಿಕ್ಷೆ ಏಕೆ ಎಂಬುದು ಅದರ ಮಾತು. ಎರಡನೆಯದು ರಕ್ಷಣಾ ಪಕ್ಷ. ಎಲ್ಲರೂ ಗವಸು ಹಾಕಿದ್ದರೆ ಮಾತ್ರ ತಾವು ಸುರಕ್ಷಿತರು, ಹಾಕದವರನ್ನು ಹೊರಗಟ್ಟಬೇಕು ಎಂಬುದು ಅವರ ಹಟ. ಮೂರನೆಯದು ವ್ಯಾಪಾರ ಪಕ್ಷ. ನಿಯಮವಿದ್ದರೆ ಅಂಜುವ ಗಿರಾಕಿ ಬರುತ್ತಾನೆ, ನಿಯಮ ಅತಿಯಾದರೆ ಬೇಸರಗೊಂಡ ಗಿರಾಕಿ ಹೋಗುತ್ತಾನೆ. ಎರಡರ ನಡುವೆ ಎಷ್ಟು ಬಿಗಿ ಎಷ್ಟು ಸಡಿಲ ಎಂಬುದು ಅವರ ಲೆಕ್ಕ.

ಈ ಮೂರು ಪಕ್ಷಗಳೂ ಪರಸ್ಪರ ವಿರುದ್ಧವೆಂದು ತೋರಿದರೂ ಮೂರರ ಕೇಂದ್ರವೂ ಒಂದೇ. ನನ್ನ ಸುಖ, ನನ್ನ ಜೀವ, ನನ್ನ ಲಾಭ ಎಂಬ ಮಮಕಾರವೇ ಮೂರನ್ನೂ ನಡೆಸುತ್ತದೆ. ರಕ್ಷಣಾ ಪಕ್ಷವು ಉಳಿದೆರಡಕ್ಕಿಂತ ಲೋಕಹಿತಕ್ಕೆ ಹತ್ತಿರವಿದ್ದಂತೆ ಕಾಣುವುದು ನಿಜ. ಆದರೆ ಅದರೊಳಗೂ ಇತರರಿಂದ ತನಗೆ ಬರಬಹುದಾದ ಅಪಾಯದ ಎಣಿಕೆಯೇ ಮುಂದಿತ್ತು. ತನ್ನಿಂದ ಇತರರಿಗೆ ಒದಗಬಹುದಾದ ಅಪಾಯದ ಎಣಿಕೆ ಹಿಂದೆ ಬಿದ್ದಿತ್ತು. ವಾದದ ದೊಡ್ಡ ದೋಷ ಇಲ್ಲಿದೆ.

ಕವಾಟವಿರುವ ಗವಸು

ಈ ದೋಷವನ್ನು ಒಂದು ಸಣ್ಣ ವಸ್ತು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಕೆಲವು ಮುಖಗವಸುಗಳಲ್ಲಿ ಉಸಿರು ಬಿಡುವಾಗ ತೆರೆದುಕೊಳ್ಳುವ, ಉಸಿರು ಎಳೆಯುವಾಗ ಮುಚ್ಚಿಕೊಳ್ಳುವ ಪುಟ್ಟ ಕವಾಟವಿರುತ್ತದೆ. ಧೂಳಿನ ಕೆಲಸದಲ್ಲಿ ತೊಡಗಿದವರಿಗೆ ಅದು ಅನುಕೂಲ. ಒಳಬರುವ ಗಾಳಿ ಸೋಸಿ ಬರುತ್ತದೆ. ಹೊರಹೋಗುವ ಗಾಳಿ ಸೋಸದೆ ನೇರವಾಗಿ ಹೋಗುತ್ತದೆ. ಅಂದರೆ ಧರಿಸಿದವನಿಗೆ ರಕ್ಷೆ, ಎದುರಿಗಿರುವವನಿಗೆ ಇಲ್ಲ. ಡಿಸ್ನಿ ಸಂಸ್ಥೆಯು ತನ್ನ ಉದ್ಯಾನಗಳಲ್ಲಿ ಇಂತಹ ಕವಾಟದ ಗವಸುಗಳನ್ನು ನಿಷೇಧಿಸಿತು. ಕುತ್ತಿಗೆಯಿಂದ ಮೇಲಕ್ಕೆಳೆದುಕೊಳ್ಳುವ ತೆಳುಬಟ್ಟೆಯ ಕೊಳವೆಗಳನ್ನೂ, ಕೆಳಗೆ ತೆರೆದಿರುವ ಕರವಸ್ತ್ರಗಳನ್ನೂ ಒಪ್ಪಲಿಲ್ಲ.

ಗಿರಾಕಿಗಳಲ್ಲಿ ಅನೇಕರು ಇದನ್ನು ಅನಗತ್ಯ ಕಿರುಕುಳವೆಂದರು. ಹೆಚ್ಚು ಬೆಲೆಯ, ಹೆಚ್ಚು ಗಟ್ಟಿಯಾದ ಗವಸನ್ನು ಧರಿಸಿದವನನ್ನು ತಡೆದು, ಹತ್ತಿಬಟ್ಟೆಯ ಗವಸಿನವನನ್ನು ಬಿಡುವುದು ಅವರಿಗೆ ವಿಪರೀತವೆನಿಸಿತು. ಆದರೆ ನಿಯಮದ ಉದ್ದೇಶ ಪರರಕ್ಷಣೆ ಎಂದು ಒಪ್ಪಿದವರಿಗೆ ಇದರಲ್ಲಿ ವಿಪರೀತವೇನೂ ಇಲ್ಲ. ವ್ಯಾಪಾರದ ಕಾರಣಕ್ಕೆ ಮಾಡಿದ ನಿಯಮವೊಂದು ತಿಳಿದೋ ತಿಳಿಯದೆಯೋ ಧರ್ಮದ ನೆಲೆಯನ್ನು ಮುಟ್ಟಿತ್ತು. ಕವಾಟದ ಗವಸಿನವನು ಕೇಳುವ ಪ್ರಶ್ನೆ ನನಗೇನಾದೀತು ಎಂಬುದು. ಅಣುವ್ರತಿಯು ಕೇಳಬೇಕಾದ ಪ್ರಶ್ನೆ ನನ್ನಿಂದ ಏನಾದೀತು ಎಂಬುದು. ಈ ಎರಡು ಪ್ರಶ್ನೆಗಳ ಅಂತರವನ್ನು ತಿಳಿದವನಿಗೆ ಇಡೀ ವಿವಾದದ ಅರ್ಥವಾದಂತೆಯೇ.

ಪ್ರಮಾದವೇ ಹಿಂಸೆಯ ಮೂಲ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ. ಅದಕ್ಕೆ ಪ್ರಮಾದದ ಸಂಬಂಧವನ್ನು ಸೇರಿಸಿದರು. ಆಚಾರ್ಯ ಕುಂದಕುಂದರ ಪ್ರವಚನಸಾರವು ಇದನ್ನು ಇನ್ನೂ ಮುಂದಕ್ಕೊಯ್ಯುತ್ತದೆ. ಎದುರಿನ ಜೀವವು ಸತ್ತರೂ ಬದುಕಿದರೂ ಅಯತ್ನದಿಂದ ನಡೆಯುವವನಿಗೆ ಹಿಂಸೆಯ ದೋಷ ತಪ್ಪದು; ಯತ್ನದಿಂದ ನಡೆಯುವವನಿಗೆ ಆಕಸ್ಮಿಕವಾದ ಹಾನಿಮಾತ್ರದಿಂದ ಬಂಧವಿಲ್ಲ ಎಂಬುದು ಅಲ್ಲಿಯ ತಾತ್ಪರ್ಯ.

ಮುಖಗವಸಿನ ವಿರೋಧಿಗಳು ಮೇಲಿಂದ ಮೇಲೆ ಮುಂದಿಟ್ಟ ವಾದವೆಂದರೆ, ನನಗೆ ರೋಗವಿದೆಯೆಂಬುದಕ್ಕೆ ಪುರಾವೆಯಿಲ್ಲ, ನನ್ನಿಂದ ಯಾರೂ ಸತ್ತಿಲ್ಲ, ಮತ್ತೇಕೆ ಈ ಬಂಧನ ಎಂಬುದು. ಕೋವಿಡ್ ರೋಗದ ವಿಶೇಷವೇನೆಂದರೆ ಲಕ್ಷಣ ತೋರುವ ಮೊದಲೇ, ಕೆಲವೊಮ್ಮೆ ಲಕ್ಷಣವೇ ಇಲ್ಲದೆ, ಒಬ್ಬನಿಂದ ಇನ್ನೊಬ್ಬನಿಗೆ ಹರಡುತ್ತಿತ್ತು. ಆದ್ದರಿಂದ ತಾನು ನಿರ್ದೋಷಿಯೆಂದು ಯಾರೂ ಪ್ರಮಾಣ ಮಾಡುವಂತಿರಲಿಲ್ಲ. ಫಲವನ್ನು ನೋಡಿ ದೋಷವನ್ನು ಅಳೆಯುವವರಿಗೆ ಇಂತಹ ಪ್ರಸಂಗದಲ್ಲಿ ಉತ್ತರ ಸಿಗದು. ಭಾವವನ್ನೂ ಯತ್ನವನ್ನೂ ನೋಡಿ ಅಳೆಯುವ ಜಿನಮಾರ್ಗದಲ್ಲಿ ಉತ್ತರ ಸರಳ. ಹಾನಿಯಾಗಬಹುದೆಂಬ ಅರಿವಿದ್ದು, ತಡೆಯುವ ಉಪಾಯ ಕೈಯಲ್ಲಿದ್ದು, ಅದಕ್ಕೆ ತಗಲುವ ಕಷ್ಟ ಅಲ್ಪವಾಗಿದ್ದು, ಆದರೂ ಉದಾಸೀನ ತೋರುವುದು ಪ್ರಮಾದ.

ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದಿನ ಕೊಡದಲ್ಲಿ ಎಷ್ಟು ಜೀವಗಳಿದ್ದವೆಂದು ಎಣಿಸಿದ ಮೇಲೆ ಸೋಸುವ ಬಟ್ಟೆ ಹಿಡಿಯುವ ಗೃಹಿಣಿ ಎಲ್ಲಿಯೂ ಇಲ್ಲ. ಇರಬಹುದು ಎಂಬ ಅರಿವೇ ಬಟ್ಟೆ ಹಿಡಿಯಲು ಸಾಕು.

ಪ್ರಮಾಣಗಳ ಮಿತಿ

ಇಲ್ಲಿ ಒಂದು ಎಚ್ಚರವೂ ಅಗತ್ಯ. ಬಟ್ಟೆ ಎಷ್ಟು ತಡೆಯುತ್ತದೆ ಎಂಬ ಪ್ರಶ್ನೆಗೆ ಆಗಲೂ ಈಗಲೂ ಏಕಮುಖವಾದ ಉತ್ತರವಿಲ್ಲ. ಅಮೆರಿಕದ ರೋಗನಿಯಂತ್ರಣ ಕೇಂದ್ರವು 2020ರ ಏಪ್ರಿಲ್ 3ರಂದು ಜನಸಾಮಾನ್ಯರು ಬಟ್ಟೆಯ ಗವಸು ಧರಿಸಬೇಕೆಂದು ಸಲಹೆ ನೀಡಿತು. ಅದಕ್ಕೆ ಮೊದಲು ಅದರ ಸಲಹೆ ಬೇರೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಜೂನ್ 5ರಂದು ತನ್ನ ಅಭಿಪ್ರಾಯವನ್ನು ಬದಲಿಸಿತು. ಮಾತು ಬದಲಾದದ್ದರಿಂದ ಜನರ ನಂಬಿಕೆ ಸಡಿಲವಾಯಿತು.

ಡೆನ್ಮಾರ್ಕ್ ದೇಶದಲ್ಲಿ 2020ರಲ್ಲಿ ಸುಮಾರು 6,000 ಜನರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, ಗವಸು ಧರಿಸುವಂತೆ ಹೇಳಿದವರಲ್ಲಿ ಶೇ. 1.8 ಮಂದಿಗೂ ಹಾಗೆ ಹೇಳದವರಲ್ಲಿ ಶೇ. 2.1 ಮಂದಿಗೂ ಸೋಂಕು ತಗಲಿತು. ಈ ಅಂತರದಿಂದ ಖಚಿತ ನಿರ್ಣಯ ಮಾಡಲಾಗದು. ವಿರೋಧಿಗಳು ಇದನ್ನೇ ಬಾವುಟವಾಗಿ ಹಿಡಿದರು. ಆದರೆ ಆ ಪರೀಕ್ಷೆ ಅಳೆದದ್ದು ಧರಿಸಿದವನಿಗೆ ಸಿಗುವ ರಕ್ಷೆಯನ್ನು. ಎದುರಿನವನಿಗೆ ಸಿಗುವ ರಕ್ಷೆಯನ್ನು ಅದು ಅಳೆಯಲಿಲ್ಲ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ, 3 ಲಕ್ಷ 40 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡು 2020-21ರಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯ ಮಾದರಿಯ ಗವಸು ಹಂಚಿ ಪ್ರೋತ್ಸಾಹಿಸಿದ ಹಳ್ಳಿಗಳಲ್ಲಿ ಲಕ್ಷಣಸಹಿತ ಸೋಂಕು ಸುಮಾರು ಶೇ. 11ರಷ್ಟು ಕಡಿಮೆಯಾಯಿತು. ಬಟ್ಟೆಯ ಗವಸಿನ ವಿಷಯದಲ್ಲಿ ಅಷ್ಟು ಸ್ಪಷ್ಟವಾದ ಫಲ ಕಾಣಲಿಲ್ಲ. ಬೆಂಬಲಿಗರು ಮೊದಲರ್ಧವನ್ನು ಹೇಳಿ ಎರಡನೆಯ ಅರ್ಧವನ್ನು ನುಂಗಿದರು.

ಇಲ್ಲಿ ಸ್ಯಾದ್ವಾದದ ಶಿಸ್ತು ನೆರವಿಗೆ ಬರುತ್ತದೆ. ಗವಸು ಸರ್ವರಕ್ಷೆಯೂ ಅಲ್ಲ, ನಿಷ್ಪ್ರಯೋಜಕವೂ ಅಲ್ಲ. ಯಾವ ಬಟ್ಟೆ, ಯಾವ ಸ್ಥಳ, ಎಷ್ಟು ಜನಸಂದಣಿ, ಎಷ್ಟು ಹೊತ್ತು, ರೋಗದ ಪ್ರಾಬಲ್ಯ ಎಷ್ಟು ಎಂಬ ಅಪೇಕ್ಷೆಗಳಿಲ್ಲದೆ ಹೇಳಿದ ಮಾತು ನಯಾಭಾಸವಾಗುತ್ತದೆ. ಹಾಗೆಂದು ಅನೇಕಾಂತವೆಂದರೆ ಎಲ್ಲ ಮಾತೂ ಸಮಾನವೆಂದು ಕೈಕಟ್ಟಿ ಕೂರುವುದಲ್ಲ. ಹಲವು ಕಡೆಯಿಂದ ನೋಡಿದ ಮೇಲೆ ಆಚರಣೆಗೆ ಒಂದು ನಿರ್ಣಯ ಬೇಕೇ ಬೇಕು. ಬಯಲಿನಲ್ಲಿ ಒಬ್ಬನೇ ನಡೆಯುವಾಗಿನ ನಿರ್ಣಯವೂ ಮುಚ್ಚಿದ ಕೋಣೆಯಲ್ಲಿ ನೂರು ಜನರೊಡನೆ ಸರತಿಯಲ್ಲಿ ನಿಂತಾಗಿನ ನಿರ್ಣಯವೂ ಒಂದೇ ಆಗಬೇಕಿಲ್ಲ. ಡಿಸ್ನಿ ಉದ್ಯಾನವು 2021ರ ಮೇ 15ರಿಂದ ಬಯಲಿನಲ್ಲಿ ಗವಸನ್ನು ಐಚ್ಛಿಕಗೊಳಿಸಿತು. ಜೂನ್ 15ರಿಂದ ಲಸಿಕೆ ಪಡೆದವರಿಗೆ ಒಳಾಂಗಣದಲ್ಲೂ ವಿನಾಯಿತಿ ನೀಡಿತು. ಆದರೆ ರೋಗ ಮತ್ತೆ ಪ್ರಬಲಿಸಿದಾಗ ಜುಲೈ 30ರಿಂದ ಒಳಾಂಗಣದಲ್ಲಿ ಎಲ್ಲರಿಗೂ ಪುನಃ ವಿಧಿಸಿತು. ಇದನ್ನು ಚಂಚಲತೆಯೆಂದು ಹೀಯಾಳಿಸಿದವರುಂಟು. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡಿ ನಡೆಯಬೇಕೆಂದು ಕಲಿತವರು ಹಾಗೆ ಹೀಯಾಳಿಸಲಾರರು.

ಅತಿಚಾರದ ಮಾರ್ಗ

ಮನುಷ್ಯನು ನಿಯಮವನ್ನು ಮುರಿಯುವುದಕ್ಕಿಂತ ಹೆಚ್ಚಾಗಿ ಅದನ್ನು ಬಳಸಿಕೊಂಡು ಹೋಗುತ್ತಾನೆ. ತಿನ್ನುವಾಗ ಕುಡಿಯುವಾಗ ಗವಸು ತೆಗೆಯಬಹುದೆಂಬ ವಿನಾಯಿತಿ ಇದ್ದುದರಿಂದ, ಕೆಲವರು ಕೈಯಲ್ಲಿ ಒಂದು ಪಾನೀಯದ ಲೋಟವನ್ನೋ ತಿಂಡಿಯ ಪೊಟ್ಟಣವನ್ನೋ ಹಿಡಿದು ಇಡೀ ಉದ್ಯಾನವನ್ನು ಗವಸಿಲ್ಲದೆ ಸುತ್ತತೊಡಗಿದರು. ಉದ್ಯಾನ ತೆರೆದು ಹೆಚ್ಚು ದಿನವಾಗುವ ಮೊದಲೇ, ಜುಲೈ ತಿಂಗಳಲ್ಲಿಯೇ, ಸಂಸ್ಥೆಯು ನಿಯಮವನ್ನು ತಿದ್ದಿ, ತಿನ್ನುವವರು ಕುಡಿಯುವವರು ಒಂದೆಡೆ ನಿಂತು, ಇತರರಿಂದ ದೂರವಿದ್ದು ಸೇವಿಸಬೇಕೆಂದು ಸೇರಿಸಬೇಕಾಯಿತು.

ವ್ರತದ ಅಕ್ಷರವನ್ನು ಉಳಿಸಿಕೊಂಡು ಆಶಯವನ್ನು ಕೆಡಿಸುವ ಇಂತಹ ನಡೆಗೆ ಶ್ರಾವಕಾಚಾರ ಗ್ರಂಥಗಳು ಅತಿಚಾರವೆಂದು ಹೆಸರಿಟ್ಟಿವೆ. ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಪ್ರತ್ಯೇಕವಾಗಿ ಎಣಿಸಿಟ್ಟ ಆಚಾರ್ಯರಿಗೆ ಗೃಹಸ್ಥನ ಜಾಣತನ ಎಷ್ಟೆಂಬುದು ಚೆನ್ನಾಗಿ ಗೊತ್ತಿತ್ತು. ಲೋಟ ಹಿಡಿದು ಸುತ್ತುವವನು ನಿಯಮಭಂಗ ಮಾಡಿಲ್ಲವೆಂದು ವಾದಿಸಬಹುದು. ಆದರೆ ಅಲ್ಲಿ ಪ್ರಮಾದದೊಡನೆ ಮಾಯೆಯೆಂಬ ಕಷಾಯವೂ ಸೇರಿದೆ. ನೇರವಾಗಿ ವಿರೋಧಿಸಿ ಹೊರಗುಳಿದವನ ಋಜುತ್ವವೂ ಅವನಲ್ಲಿಲ್ಲ.

ಭಾರ ಹೊತ್ತವರು ಯಾರು?

ವಿವಾದದಲ್ಲಿ ಹೆಚ್ಚು ಮಾತಿಗೆ ಬಾರದವರು ದ್ವಾರದಲ್ಲಿ ನಿಂತ ನೌಕರರು. ನಿಯಮ ಮಾಡಿದವರು ಕಚೇರಿಯಲ್ಲಿದ್ದರು. ಅದನ್ನು ಮುಖಾಮುಖಿ ಹೇಳಬೇಕಾದವರು ಅಲ್ಪ ವೇತನದ ಕಾವಲುಗಾರರು, ಅಂಗಡಿಯ ಮಾರಾಟಗಾರರು, ಟಿಕೆಟ್ ನೋಡುವ ಹುಡುಗ ಹುಡುಗಿಯರು. 2020ರ ಮೇ 1ರಂದು ಮಿಚಿಗನ್ ರಾಜ್ಯದ ಫ್ಲಿಂಟ್ ನಗರದ ಅಂಗಡಿಯೊಂದರಲ್ಲಿ ಗವಸು ಧರಿಸಬೇಕೆಂದು ಗಿರಾಕಿಗೆ ಹೇಳಿದ ಕಾವಲುಗಾರನು ಗುಂಡೇಟಿಗೆ ಬಲಿಯಾದನು. ಒಂದು ತುಂಡು ಬಟ್ಟೆಗಾಗಿ ಹುಟ್ಟಿದ ಮಾತಿನಿಂದ ಒಂದು ಮನುಷ್ಯಪ್ರಾಣ ಹೋಯಿತು. ಕ್ರೋಧವೂ ಮಾನವೂ ಕೂಡಿದಾಗ ಎಲ್ಲಿಗೆ ಮುಟ್ಟುತ್ತವೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಮಿತಿಮೀರಿ ಹೇರುವುದೆಂದು ಇದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಕೈಕೆಳಗಿನವರ ಮೇಲೆ ಅವರ ಅಧಿಕಾರಕ್ಕೂ ಶಕ್ತಿಗೂ ಮೀರಿದ ಹೊಣೆಯನ್ನು ಹೇರುವುದೂ ಅದೇ ದೋಷ. ವೇಷ ಧರಿಸಿ ಕುಣಿದು ಹಾಡುವ ಕಲಾವಿದರು ಗವಸು ಧರಿಸಿ ಕೆಲಸ ಮಾಡಲಾರರು. ಅವರ ಸಂಘವು ರೋಗಪರೀಕ್ಷೆಯ ಏರ್ಪಾಡನ್ನು ಕೇಳಿ ಹೋರಾಡಬೇಕಾಯಿತು. ಸೆಪ್ಟೆಂಬರ್ ಕೊನೆಯಲ್ಲಿ ಡಿಸ್ನಿ ಸಂಸ್ಥೆಯು ತನ್ನ ಉದ್ಯಾನ ಮತ್ತು ಸಂಬಂಧಿತ ವಿಭಾಗಗಳಿಂದ ಸುಮಾರು 28,000 ನೌಕರರನ್ನು ತೆಗೆಯುವುದಾಗಿ ಪ್ರಕಟಿಸಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅರೆಕಾಲಿಕ ಕೆಲಸದವರು. ತೆರೆದರೆ ರೋಗದ ಭಯ, ಮುಚ್ಚಿದರೆ ಅನ್ನದ ಭಯ. ಉದ್ಯಾನವನ್ನು ಮುಚ್ಚಿಯೇ ಇಡಬೇಕಿತ್ತೆಂದು ದೂರದಿಂದ ಹೇಳುವವರು ಈ ಎರಡನೆಯ ಭಯವನ್ನೂ ತಮ್ಮ ಖಾತೆಯಲ್ಲಿ ಬರೆದುಕೊಳ್ಳಬೇಕು.

ಜೈನ ನೀತಿಯಲ್ಲಿ ಕರ್ಮಕ್ಕೆ ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಿವೆ. ಗವಸಿಲ್ಲದೆ ಸಂದಣಿಯಲ್ಲಿ ನುಗ್ಗುವವನದು ಕೃತ. ಲಾಭಕ್ಕಾಗಿ ಸಂದಣಿಯನ್ನು ಕರೆದವನದು ಕಾರಿತ. ಕಂಡೂ ಕಾಣದಂತೆ ಬಿಟ್ಟ ಆಡಳಿತದ್ದೂ, ರಜೆಯ ಖುಷಿಗಾಗಿ ಇದೆಲ್ಲವನ್ನೂ ಒಪ್ಪಿ ಹಣ ತೆತ್ತ ಪ್ರೇಕ್ಷಕನದೂ ಅನುಮತ. ವಿವಾದದುದ್ದಕ್ಕೂ ಬೆರಳು ತೋರಿದ್ದು ಮೊದಲನೆಯವನ ಕಡೆಗೆ ಮಾತ್ರ.

ದಂಡದ ಬೆಲೆ

ಫ್ಲಾರಿಡಾದಲ್ಲಿ ರಾಜ್ಯವ್ಯಾಪಿಯಾದ ಗವಸಿನ ಆಜ್ಞೆ ಹೊರಡಲಿಲ್ಲ. ಒರ್ಲಾಂಡೊ ಇರುವ ಆರೆಂಜ್ ಕೌಂಟಿಯ ಆಡಳಿತವು 2020ರ ಜೂನ್ 20ರಿಂದ ತನ್ನ ಮಿತಿಯಲ್ಲಿ ಆಜ್ಞೆ ಹೊರಡಿಸಿತ್ತು. ಸೆಪ್ಟೆಂಬರ್ 25ರಂದು ರಾಜ್ಯದ ಗವರ್ನರು ಇಂತಹ ಸ್ಥಳೀಯ ಆಜ್ಞೆಗಳಡಿ ವ್ಯಕ್ತಿಗಳಿಂದ ದಂಡ ವಸೂಲು ಮಾಡುವುದನ್ನು ತಡೆಹಿಡಿದರು. ಇದಾದ ಒಂದು ವಾರದೊಳಗೆ ಕರ್ನಾಟಕದಲ್ಲಿಯೂ ದಂಡದ ಮಾತೇ ನಡೆಯಿತು. ಅಕ್ಟೋಬರ್ ಆರಂಭದಲ್ಲಿ ಗವಸಿಲ್ಲದವರಿಗೆ ನಗರಗಳಲ್ಲಿ 1,000 ರೂಪಾಯಿ, ಗ್ರಾಮಗಳಲ್ಲಿ 500 ರೂಪಾಯಿ ಎಂದು ವಿಧಿಸಿದ ದಂಡವನ್ನು ಜನರ ಅಸಮಾಧಾನದಿಂದ ಕೆಲವೇ ದಿನಗಳಲ್ಲಿ 250 ಮತ್ತು 100 ರೂಪಾಯಿಗೆ ಇಳಿಸಲಾಯಿತು.

ದಂಡವನ್ನು ಇಳಿಸಿದ್ದು ತಪ್ಪೆಂದು ಹೇಳಬೇಕಾಗಿಲ್ಲ. ದಿನಗೂಲಿಯವನಿಗೆ ಸಾವಿರ ರೂಪಾಯಿ ನಿಜವಾಗಿಯೂ ಭಾರ. ಆದರೆ ಎರಡು ದೇಶಗಳಲ್ಲೂ ಚರ್ಚೆ ದಂಡದ ಮೊತ್ತಕ್ಕೆ ಬಂದು ನಿಂತಿತೆಂಬುದನ್ನು ಗಮನಿಸಬೇಕು. ಎದುರಿನವನ ಪ್ರಾಣದ ಕಾಳಜಿಗೆ ಬೆಲೆ ಕಟ್ಟಿದ ಕೂಡಲೇ ಅದು ಚೌಕಾಸಿಯ ವಸ್ತುವಾಗುತ್ತದೆ. ಭಯದಿಂದ ಕಟ್ಟಿದ ಬಟ್ಟೆ ಪೊಲೀಸನು ಮರೆಯಾದೊಡನೆ ಗಲ್ಲಕ್ಕೆ ಇಳಿಯುತ್ತದೆ. ಸಂಯಮವು ಒಳಗಿನಿಂದ ಬಂದಾಗ ಮಾತ್ರ ಕಾವಲು ಬೇಡ.

ನಮ್ಮ ಬಸದಿಗಳ ಬಾಗಿಲಲ್ಲಿ

ಭಾರತದಲ್ಲಿ ವ್ಯಾಪಾರ ಮಳಿಗೆಗಳೂ ದೇವಾಲಯಗಳೂ ಪುನಃ ತೆರೆಯಲು ಅನುಮತಿ ಸಿಕ್ಕಿದ್ದು ಒಂದೇ ದಿನ, 2020ರ ಜೂನ್ 8ರಂದು. ಮನರಂಜನಾ ಉದ್ಯಾನಗಳಿಗೆ ಅಕ್ಟೋಬರ್ 15ರವರೆಗೆ ಕಾಯಬೇಕಾಯಿತು. ಕೇಂದ್ರ ಆರೋಗ್ಯ ಸಚಿವಾಲಯದ ಸೂಚನೆಗಳು ಮಳಿಗೆಗೂ ಗುಡಿಗೂ ಗವಸನ್ನು ಸಮಾನವಾಗಿ ವಿಧಿಸಿದವು. ಗುಡಿಗಳಲ್ಲಿ ಮೂರ್ತಿಯನ್ನು ಮುಟ್ಟಬಾರದು, ತೀರ್ಥವನ್ನು ಪ್ರೋಕ್ಷಿಸಬಾರದು, ಪ್ರಸಾದ ಹಂಚಬಾರದು ಎಂದು ಹೇಳಿದವು. ನಿತ್ಯವೂ ಅಭಿಷೇಕ ಮಾಡಿ ಗಂಧೋದಕವನ್ನು ನೆತ್ತಿಗೆ ಹಚ್ಚಿಕೊಳ್ಳುವ ಶ್ರಾವಕ ಮನೆತನಗಳಿಗೆ ಇದು ನೋವಿನ ಸಂಗತಿಯಾಗಿತ್ತು. ಡಿಸ್ನಿಯ ಗಿರಾಕಿ ಕೇಳಿದ ಪ್ರಶ್ನೆಯನ್ನೇ ಇಲ್ಲಿ ಭಕ್ತನೂ ಕೇಳಬಹುದಾಗಿತ್ತು. ನಾನು ಬಂದ ಉದ್ದೇಶಕ್ಕೇ ಅಡ್ಡಿಯಾದರೆ ಬಾಗಿಲು ತೆರೆದು ಫಲವೇನು ಎಂದು. ಆದರೆ ಉತ್ತರ ಎರಡು ಕಡೆಯೂ ಒಂದೇ. ಒಳಗೆ ಇನ್ನೊಬ್ಬರಿದ್ದಾರೆ. ಅವರಲ್ಲಿ ವೃದ್ಧರಿದ್ದಾರೆ, ಉಪವಾಸದಿಂದ ಕೃಶರಾದವರಿದ್ದಾರೆ, ವಿಹಾರದಲ್ಲಿರುವ ತ್ಯಾಗಿಗಳಿದ್ದಾರೆ.

ಆ ದಿನಗಳಲ್ಲಿ ಸಮಾಜದಲ್ಲಿ ಒಂದು ಹೆಮ್ಮೆಯ ಮಾತು ಹಬ್ಬಿತ್ತು. ಜಗತ್ತು ಇಂದು ಧರಿಸುವುದನ್ನು ಜೈನರು ಎಂದೋ ಧರಿಸಿದ್ದರು, ಮುಖವಸ್ತ್ರಿಕೆಯ ಮಹಿಮೆಯನ್ನು ವಿಜ್ಞಾನ ಒಪ್ಪಿತು ಎಂಬುದು ಆ ಮಾತು. ಇದು ವಿಮರ್ಶೆಗೆ ನಿಲ್ಲುವುದಿಲ್ಲ. ಶ್ವೇತಾಂಬರ ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧು ಸಾಧ್ವಿಯರು ಮುಖವಸ್ತ್ರಿಕೆಯನ್ನು ಕಟ್ಟಿಕೊಳ್ಳುತ್ತಾರೆ. ಮೂರ್ತಿಪೂಜಕ ಪರಂಪರೆಯವರು ಕೈಯಲ್ಲಿ ಹಿಡಿದು ಮಾತನಾಡುವಾಗ ಬಾಯಿಗೆ ಅಡ್ಡ ಇಡುತ್ತಾರೆ. ದಿಗಂಬರ ಮುನಿಗಳಿಗೆ ಪಿಂಛಿ ಕಮಂಡಲುಗಳ ಹೊರತು ಅದು ವಿಹಿತವಿಲ್ಲ. ಧರಿಸುವವರೂ ಅದನ್ನು ವಾಯುಕಾಯಿಕ ಹಾಗೂ ಸೂಕ್ಷ್ಮ ಜೀವಿಗಳ ಮೇಲಿನ ದಯೆಯಿಂದ, ಮಾತಿನ ಸಂಯಮಕ್ಕಾಗಿ ಧರಿಸಿದರೇ ಹೊರತು ತಮಗೆ ರೋಗ ಬಾರದಿರಲೆಂದು ಧರಿಸಲಿಲ್ಲ. ಅದನ್ನು ಆರೋಗ್ಯಸಾಧನವೆಂದು ಕೊಂಡಾಡುವುದು ಅದರ ಗೌರವವನ್ನು ಇಳಿಸಿದಂತೆ. ನಾಳೆ ವಿಜ್ಞಾನವು ಬಟ್ಟೆಯಿಂದ ಲಾಭವಿಲ್ಲವೆಂದರೆ ದಯೆಯನ್ನೂ ಕೈಬಿಡಬೇಕಾದೀತೇ?

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಪೂರ್ವಜರ ಸಂಯಮವನ್ನು ಹೊಗಳುತ್ತ, ಮದುವೆಯ ಮಂಟಪದಲ್ಲಿ ಭಾವಚಿತ್ರಕ್ಕಾಗಿ ಗವಸನ್ನು ಗಲ್ಲಕ್ಕೆ ಇಳಿಸಿದವರು ನಮ್ಮಲ್ಲಿರಲಿಲ್ಲವೆ? ಭಾವಚಿತ್ರದ ಆಸೆಯಿಂದ ಗವಸು ಕಟ್ಟಿದ ಡಿಸ್ನಿಯ ಗಿರಾಕಿಗೂ, ಅದೇ ಆಸೆಯಿಂದ ಗವಸು ಕಳಚಿದ ಶ್ರಾವಕನಿಗೂ ಭೇದ ಬಹಳವಿಲ್ಲ. ಕುಲದ ಹೆಮ್ಮೆಯೂ ಎಂಟು ಮದಗಳಲ್ಲಿ ಒಂದೆಂಬುದನ್ನು ಮರೆಯಬಾರದು.

ನಿಂದೆಯ ಹಿಂಸೆ

ಗವಸು ಧರಿಸಿದವರ ಪಕ್ಷಕ್ಕೂ ಒಂದು ಮಾತು ಸಲ್ಲಬೇಕು. ಧರಿಸದವರನ್ನು ಮೂರ್ಖರೆಂದು, ಕೊಲೆಗಡುಕರೆಂದು ಜರೆಯುವುದು, ಅವರ ಚಿತ್ರ ತೆಗೆದು ಹತ್ತು ಜನರ ಮುಂದೆ ಹಾಸ್ಯ ಮಾಡುವುದು ಆಗ ಸಾಮಾನ್ಯವಾಗಿತ್ತು. ಉಸಿರಾಟದ ತೊಂದರೆಯಿದ್ದವರು, ಎದುರಿನವರ ತುಟಿಗಳ ಚಲನೆಯನ್ನು ನೋಡಿ ಮಾತು ಗ್ರಹಿಸುವ ಕಿವುಡರು, ಮುಖಕ್ಕೆ ಬಟ್ಟೆ ತಾಗಿದರೆ ಕಂಗಾಲಾಗುವ ಮಕ್ಕಳು, ಇವರೆಲ್ಲರಿಗೂ ಒಂದೇ ಅಳತೆಗೋಲು ಹಿಡಿದದ್ದು ಕ್ರೌರ್ಯವೇ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತಿಕರಣಗಳು ಸೇರಿವೆ. ತಪ್ಪಿದವನ ದೋಷವನ್ನು ಬೀದಿಗೆಳೆಯದೆ, ಅವನನ್ನು ಮೆಲ್ಲನೆ ಸರಿದಾರಿಯಲ್ಲಿ ನಿಲ್ಲಿಸುವುದು ಧರ್ಮ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಟುನುಡಿಯಾಡುವವನು ಒಂದು ದ್ವಾರವನ್ನು ಮುಚ್ಚಿ ಇನ್ನೊಂದನ್ನು ತೆರೆದಂತೆ. ಭಾಷಾಸಮಿತಿಯಿಲ್ಲದ ಗವಸು ಅರೆಗವಸು.

ಉಪಸಂಹಾರ

ವಿನೋದಕ್ಕೆ ಹೋಗುವುದೇ ಪಾಪವೆಂದು ಇಲ್ಲಿ ಹೇಳುತ್ತಿಲ್ಲ. ಮಕ್ಕಳಿಗೆ ಆಟ ಬೇಕು, ಗೃಹಸ್ಥನಿಗೆ ವಿಶ್ರಾಂತಿ ಬೇಕು. ಆದರೆ ಭೋಗೋಪಭೋಗ ಪರಿಮಾಣ ವ್ರತವು ಕೇಳುವ ಒಂದು ಪ್ರಶ್ನೆಯುಂಟು. ಈ ಹೊತ್ತಿನಲ್ಲಿ, ಈ ಪರಿಸ್ಥಿತಿಯಲ್ಲಿ, ಇದು ಎಷ್ಟು ಅಗತ್ಯ? ಗವಸು ಬೇಕೆ ಬೇಡವೆ ಎಂದು ತಿಂಗಳುಗಟ್ಟಲೆ ವಾದಿಸಿದವರಲ್ಲಿ ಹೋಗಲೇಬೇಕೆ ಎಂದು ತಮ್ಮನ್ನು ಕೇಳಿಕೊಂಡವರು ವಿರಳ. ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಿದವನಿಗೆ ಮೊದಲನೆಯದು ಅರ್ಧ ಬಗೆಹರಿಯುತ್ತದೆ.

ಅಂತಹ ಕಾಲ ಮತ್ತೆ ಬಾರದಿರಲಿ. ಬಂದರೆ ಬಸದಿಗಳ ಆಡಳಿತ ಮಂಡಳಿಗಳು ಅಂದಿನ ಅನುಭವದಿಂದ ಕೆಲವು ಪಾಠಗಳನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳಬಹುದು. ನಿಯಮ ಮಾಡುವಾಗ ಅದರ ಉದ್ದೇಶವನ್ನು, ಅಂದರೆ ಅದು ಇತರರ ರಕ್ಷಣೆಗಾಗಿ ಎಂಬುದನ್ನು, ನಿಯಮದೊಡನೆಯೇ ಫಲಕದಲ್ಲಿ ಬರೆಯಬೇಕು. ಅದನ್ನು ಹೇಳುವ ಹೊಣೆಯನ್ನು ಪಾರುಪತ್ಯಗಾರನ, ಕಸಗುಡಿಸುವವರ ಮೇಲೆ ಹಾಕದೆ ಮಂಡಳಿಯ ಸದಸ್ಯರೇ ಸರದಿಯಲ್ಲಿ ಬಾಗಿಲಲ್ಲಿ ನಿಲ್ಲಬೇಕು. ಗವಸಿಲ್ಲದೆ ಬಂದವರಿಗೆ ಒಂದನ್ನು ಉಚಿತವಾಗಿ ಕೊಡಬೇಕು. ಧರಿಸಲಾರದವರಿಗೆ ಜನರಿಲ್ಲದ ಹೊತ್ತಿನಲ್ಲಿ ದರ್ಶನದ ಅನುಕೂಲ ಕಲ್ಪಿಸಬೇಕು. ದೊಡ್ಡ ದಾನಿಗೊಂದು, ಬಡ ಶ್ರಾವಕನಿಗೊಂದು ನಿಯಮವಿರಬಾರದು. ಅಗತ್ಯ ತೀರಿದ ದಿನ ನಿಯಮವನ್ನು ಸ್ಪಷ್ಟವಾಗಿ ಹಿಂತೆಗೆದುಕೊಳ್ಳಬೇಕು.

ಮನೆಯ ಹಿರಿಯರ ಕರ್ತವ್ಯ ಇದಕ್ಕಿಂತ ಸರಳವಾದದ್ದು. ನೀರು ಸೋಸುವ ಬಟ್ಟೆಯನ್ನು ಮಕ್ಕಳ ಕೈಗೆ ಕೊಡುವಾಗ ಅದು ಯಾರಿಗಾಗಿ ಎಂದು ತಿಳಿಸಿ ಕೊಟ್ಟರೆ ಸಾಕು. ಅದು ಕುಡಿಯುವವನ ಗಂಟಲಿಗಾಗಿ ಮಾತ್ರವಲ್ಲ, ನೀರಿನಲ್ಲಿರುವ ಕಾಣದ ಜೀವಕ್ಕಾಗಿಯೂ ಎಂದು ಅರಿತು ಬೆಳೆದ ಮಗುವಿಗೆ, ಮುಂದೆ ಯಾವ ಊರಿನ ಯಾವ ಬಾಗಿಲಲ್ಲಿ ಯಾರು ಗವಸು ಕೊಟ್ಟರೂ ವಾದಿಸುವ ಅಗತ್ಯ ಬಾರದು.